ಹಾಲಿನ ಜೀಪಿಗೆ ಹೊಸ ಸೀಟು

ಅನಂತಮತಿಗೆ ಹೇಸಿಗೆಯಾಗದ ವಸ್ತು ಈ ಲೋಕದಲ್ಲಿ ಕಡಿಮೆ. ಹೋಟೆಲಿನ ಮೇಜು ಒರೆಸುವ ಬಟ್ಟೆ, ಬಸ್ಸಿನ ಕಂಬಿ, ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸುವವರು, ಮುಚ್ಚಳ ತೊಳೆಯದೆ ಹಾಲಿನ ಕ್ಯಾನು ತರುವವರು, ಯಾವುದನ್ನು ಕಂಡರೂ ಅವಳ ಮೂಗು ಮೇಲೇರುತ್ತದೆ. ಮೂವತ್ತು ವರ್ಷದ ಹಿಂದೆ ಅವಳನ್ನು ಕಾರ್ಕಳದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು. ಹನ್ನೊಂದು ತಿಂಗಳಲ್ಲಿ ತಿರುಗಿ ಬಂದಳು. ಯಾಕೆ ಬಂದಳೆಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಆ ಮನೆಯಲ್ಲಿ ಒಬ್ಬರು ಕುಡಿದ ಲೋಟವನ್ನು ತೊಳೆಯದೆ ಅದರಲ್ಲೇ ಇನ್ನೊಬ್ಬರಿಗೆ ಕಾಫಿ ಕೊಡುತ್ತಿದ್ದರಂತೆ ಎಂದು ಊರವರು ಹೇಳುತ್ತಾರೆ. ಕೇಳಿದರೆ ಅವಳು ಹೌದೆನ್ನುವುದೂ ಇಲ್ಲ, ಅಲ್ಲವೆನ್ನುವುದೂ ಇಲ್ಲ. “ಆ ಲೋಟದ ನೆನಪು ಮಾಡ್ಬೇಡಿ ಮಾರಾಯ್ರೆ” ಅನ್ನುತ್ತಾಳೆ, ಅಷ್ಟೇ.

ಈಗ ಅವಳಿಗೆ ಐವತ್ತೇಳು. ಊರಿಗೆಲ್ಲ ಅನಂತಕ್ಕ. ಇಪ್ಪತ್ತೆರಡು ವರ್ಷಗಳಿಂದ ಅವಳ ಕೆಲಸ ಒಂದೇ, ಕುಂಟಾಲಪದವಿನ ಹಾಲನ್ನು ಕೆಳಗಿಳಿಸುವುದು.

ಮೂಡುಬಿದಿರೆಯಿಂದ ಬೆಳ್ತಂಗಡಿಗೆ ಹೋಗುವಾಗ ವೇಣೂರು ದಾಟಿದ ಮೇಲೆ ಎಡಕ್ಕೆ ಒಂದು ಮಣ್ಣಿನ ರಸ್ತೆ ಬೀಳುತ್ತದೆ. ಅದರ ಬುಡದಲ್ಲಿ ಅನಂತಮತಿಯ ಮನೆ, ಮನೆಯ ಪಕ್ಕದಲ್ಲಿ ಅವಳ ಕುಟುಂಬದವರೇ ನೋಡಿಕೊಳ್ಳುವ ಒಂದು ಸಣ್ಣ ಬಸದಿ. ಅಲ್ಲಿಂದ ಮುಂದೆ ರಸ್ತೆ ಎಂದು ಕರೆಯುವುದು ಸರ್ಕಾರದ ಕಾಗದದಲ್ಲಿ ಮಾತ್ರ. ಮುರಕಲ್ಲಿನ ಬಂಡೆಗಳ ಮೇಲೆ ಎರಡು ಕಿಲೋಮೀಟರು ಏರು. ಏರು ಮುಗಿದರೆ ಗೇರುಮರಗಳ ನಡುವೆ ಪದವು ಎಂದು ಕರೆಯುವ ಬಯಲು, ಬಯಲಿನಲ್ಲಿ ಹದಿನಾಲ್ಕು ಮನೆ. ಆ ಹದಿನಾಲ್ಕು ಮನೆಗಳಿಗೂ ಹಾಲೇ ಗತಿ. ಕೆಳಗೆ ಮುಖ್ಯರಸ್ತೆಯಲ್ಲಿರುವ ಹಾಲಿನ ಸೊಸೈಟಿಯವರು ಬೆಳಿಗ್ಗೆ ಏಳೂಕಾಲಕ್ಕೆ ಬಾಗಿಲು ಎಳೆಯುತ್ತಾರೆ. ಏಳೂವರೆಗೆ ತಂದ ಹಾಲನ್ನು ಕಣ್ಣೆತ್ತಿಯೂ ನೋಡುವುದಿಲ್ಲ.

ಆ ಏರನ್ನು ಹತ್ತುವ ವಾಹನ ಒಂದೇ. ಅನಂತಮತಿಯ ತಂದೆ ವೀರರಾಜರು ಎಂಬತ್ತೇಳರಲ್ಲಿ ತಂದ ಡೀಸೆಲ್ ಜೀಪು. ಎರಡು ಪಿಕಪ್‌ನವರು ಪೌರುಷ ತೋರಿಸಲು ಹೋಗಿ ಅರ್ಧದಿಂದ ಹಿಮ್ಮುಖವಾಗಿ ಇಳಿದು ಬಂದಿದ್ದಾರೆ. ತಂದೆಯ ಕಾಲದಲ್ಲಿ ಅದು ಜಮೀನು ನೋಡಲು ಹೋಗುವ ಜೀಪಾಗಿತ್ತು. ಅವರು ತೀರಿಕೊಂಡ ಮೇಲೆ ಮಗಳು ಅದನ್ನು ಹಾಲಿನ ಜೀಪು ಮಾಡಿದಳು. ಹಿಂದುಗಡೆ ಒಂಬತ್ತು ಕ್ಯಾನು. ಉಳಿದ ಜಾಗದಲ್ಲಿ ರೇಷನ್ನಿಗೆ ಹೋಗುವ ಹೆಂಗಸರು, ವಾಪಸು ಬರುವಾಗ ಹಿಂಡಿಯ ಮೂಟೆ, ತಿಂಗಳಲ್ಲಿ ಎರಡೋ ಮೂರೋ ಸಲ ಸಾಕುವವರಿಗೆ ಕೊಡಲೆಂದು ಕೆಳಗೆ ಕಳಿಸುವ ಗಂಡು ಕರು. ಕರು ಹೋದ ದಿನ ಅವಳು ಹಿಂಭಾಗವನ್ನು ಎರಡು ಸಲ ತೊಳೆಯುತ್ತಿದ್ದಳು. ಸೆಗಣಿಯಿದ್ದಲ್ಲಿ ಹಾಲಿನ ಕ್ಯಾನು ಇಡುವುದೆಂದರೆ ಅವಳಿಗೆ ಮೈಯೆಲ್ಲ ಜುಮ್ಮೆನ್ನುತ್ತದೆ.

ಹೀಗಿರುವಾಗ ಕಳೆದ ದೀಪಾವಳಿಯ ಹೊತ್ತಿಗೆ ಅವಳ ಬಲಭುಜ ಕೈಕೊಟ್ಟಿತು. ಹಳೆಯ ಜೀಪಿನ ಸ್ಟೇರಿಂಗ್ ತಿರುಗಿಸುವುದೆಂದರೆ ಬಾವಿಯಿಂದ ತುಂಬಿದ ಕೊಡ ಎಳೆದಷ್ಟೇ ಕೆಲಸ. ಬ್ರೇಕು ತುಳಿದರೆ ಅದು ಎಡಕ್ಕೇ ಎಳೆಯುವುದು. ಎಡಕ್ಕೆ ಕಮರಿ. ಇಪ್ಪತ್ತೆರಡು ವರ್ಷ ದಿನಕ್ಕೆರಡು ಸಲ ಹಾಗೆ ಗುದ್ದಾಡಿದ ಭುಜ ಕೊನೆಗೆ ಕೂದಲು ಬಾಚಲೂ ಮೇಲೇಳದಾಯಿತು. ಮೂಡುಬಿದಿರೆಯ ಡಾಕ್ಟರು ಎಕ್ಸ್‌ರೇ ತೆಗೆಸಿ ನೋಡಿ, ಜೀಪು ಬಿಡಿ, ಇಲ್ಲವೇ ಕೈ ಬಿಡಿ ಎಂದರು. ಅವಳು ಡಾಕ್ಟರರ ಮೇಜಿನ ಮೇಲಿದ್ದ ಧೂಳನ್ನು ನೋಡುತ್ತ ಕೂತಿದ್ದಳು. ತಾನು ಜೀಪು ಬಿಟ್ಟರೆ ಪದವಿನವರು ಹಸು ಬಿಡಬೇಕು. ಅದು ಅವಳಿಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ದಾರಿ ತೋರಿಸಿದವನು ತಂಗಿಯ ಮಗ ಶ್ರೇಯಾಂಸ್. ಮೂಡುಬಿದಿರೆಯಲ್ಲಿ ಅವನಿಗೆ ಟೈಲ್ಸ್ ಅಂಗಡಿ. ಮುಂದೆ ಅನಂತಮತಿಯ ಮನೆ, ಬಸದಿಯ ಬೀಗದ ಕೈ ಎಲ್ಲ ಅವನಿಗೇ ಬರುವುದು. ಒಳ್ಳೆಯವನೇ. ಆದರೆ ಭಾನುವಾರ ಬಂತೆಂದರೆ ಜೀಪುಗಳನ್ನು ಕೆಸರಿಗೆ ಇಳಿಸಿ ಮೇಲೆತ್ತುವ ಗೆಳೆಯರ ಕೂಟ ಅವನದು. ಇರುವ ರಸ್ತೆ ಬಿಟ್ಟು ಬೇಕೆಂದೇ ಹೊಂಡಕ್ಕೆ ಬೀಳುವುದು ಯಾವ ಸುಖವೋ ಅನಂತಮತಿಗೆ ಇವತ್ತಿಗೂ ಅರ್ಥವಾಗಿಲ್ಲ.

“ದೊಡ್ಡಮ್ಮ, ಈಗ ಹಳೇ ಜೀಪಿಗೂ ಪವರ್ ಸ್ಟೇರಿಂಗ್ ಹಾಕ್ತಾರೆ. ಮುಂದೆ ಡಿಸ್ಕ್ ಬ್ರೇಕ್. ಒಂದು ಬೆರಳಲ್ಲಿ ತಿರುಗಿಸ್ಬಹುದು. ಬಂಟ್ವಾಳದ ಬಿ.ಸಿ. ರೋಡಿನಲ್ಲಿ ನನ್ನ ಫ್ರೆಂಡ್ ಜಿತೇಶ್ ಉಂಟು, ಅವನದ್ದು ಇದೇ ಕೆಲಸ” ಎಂದ.

ಅವಳು ಸೊಸೈಟಿಯ ಚೀಟಿಯ ಹಿಂಬದಿಯಲ್ಲಿ ಬರೆದು ಕೊಟ್ಟಳು. ಸ್ಟೇರಿಂಗ್ ಹಗುರ ಆಗಬೇಕು. ಬ್ರೇಕು ನೆಟ್ಟಗೆ ಹಿಡಿಯಬೇಕು. ಸೊಂಟ ನೋಯದ ಸೀಟು ಬೇಕು. ಕೆಳಗೆ ಗೆರೆ ಎಳೆದು, “ಬೇರೆ ಯಾವುದನ್ನೂ ಮುಟ್ಟಬಾರದು” ಎಂದು ಬರೆದಳು.

“ಎಷ್ಟು ದಿವಸ?”

“ಹತ್ತು ದಿವಸ ದೊಡ್ಡಮ್ಮ. ಹೆಚ್ಚೆಂದರೆ ಹನ್ನೆರಡು.”

ಐವತ್ತು ದಿವಸವಾಯಿತು.

ಆ ಐವತ್ತು ದಿವಸ ಪದವಿನ ಹೆಂಗಸರು ತಲೆಯ ಮೇಲೆ ಕ್ಯಾನು ಹೊತ್ತು ಏರಿನಲ್ಲಿ ಇಳಿದರು. ಅನಂತಮತಿ ಬುಡದಲ್ಲಿ ರಿಕ್ಷಾ ನಿಲ್ಲಿಸಿಕೊಂಡು ಕಾಯುತ್ತಿದ್ದಳು. ದಿನ ಬಿಟ್ಟು ದಿನ ಹಾಲು ಹೊತ್ತು ಮೀರಿ ತಿರುಗಿ ಬರುತ್ತಿತ್ತು. ಮೂರು ಮನೆಯವರು ಹಾಲು ಕಳಿಸುವುದನ್ನೇ ನಿಲ್ಲಿಸಿದರು. ಪದವಿನ ಮೊದಲ ಮನೆಯ ಸೇಸಮ್ಮ, ಅರವತ್ತರ ಮುದುಕಿ, ಒಂದು ದಿನ ಜಾರಿ ಬಿದ್ದು ಮೊಣಕಾಲು ತರಚಿಕೊಂಡು ಬಂದಳು. ಹಾಲೆಲ್ಲ ಬಂಡೆಯ ಪಾಲು.

“ಅನಂತಕ್ಕ, ಜೀಪು ಬರ್ತದಾ ಇಲ್ವಾ? ಇಲ್ಲಾಂದ್ರೆ ಹೇಳಿ. ದೊಡ್ಡ ಹಸುವನ್ನು ಕೊಟ್ಟು ಬಿಡ್ತೇನೆ.”

“ಬರ್ತದೆ ಸೇಸಮ್ಮ. ಕೊಡ್ಬೇಡ” ಎಂದಳು ಅನಂತಮತಿ. ಹೇಳುವಾಗ ತನ್ನ ಮೇಲೆ ತನಗೇ ನಾಚಿಕೆಯಾಯಿತು.

ಫೆಬ್ರವರಿ ಕೊನೆಯ ಒಂದು ಮಧ್ಯಾಹ್ನ ಅಂಗಳಕ್ಕೆ ಏನೋ ಬಂದು ನಿಂತಿತು. ಅದು ತನ್ನ ಜೀಪೆಂದು ಅವಳಿಗೆ ತಿಳಿಯಲು ನಂಬರ್ ಪ್ಲೇಟು ನೋಡಬೇಕಾಯಿತು. ತಂದೆ ಬಳಿಸಿದ್ದ ಬೂದುಬಣ್ಣ ಹೋಗಿ ಇದ್ದಿಲಿನ ಕಪ್ಪು ಬಂದಿತ್ತು. ಚಕ್ರಗಳು ಗದ್ದೆ ಉಳುವ ಟ್ರ್ಯಾಕ್ಟರಿನವು ಅನ್ನುವಷ್ಟು ದೊಡ್ಡವು. ಮೈ ಅರ್ಧ ಮೊಳ ಮೇಲೆದ್ದಿತ್ತು. ಮುಂದೆ ಆನೆಯನ್ನು ತಡೆಯುವಂಥ ಕಬ್ಬಿಣದ ಬಂಪರು, ಬದಿಯಲ್ಲಿ ಸೊಂಡಿಲಿನಂತೆ ಮೇಲೇರಿದ ಕೊಳವೆ, ನೆತ್ತಿಯ ಮೇಲೆ ಸಾಲಾಗಿ ಎಂಟು ಲೈಟು.

“ಈ ಕೊಳವೆ ಯಾಕೆ?”

“ಹೊಳೆಯಲ್ಲಿ ಇಳಿಸಿದರೆ ಇಂಜಿನಿಗೆ ನೀರು ಹೋಗದ ಹಾಗೆ.”

“ನಾನು ಯಾವ ಹೊಳೆಗೆ ಇಳಿಯುವುದು ಮಗಾ? ಸೊಸೈಟಿಗೆ ಹೋಗುವವಳು ನಾನು. ಈ ಲೈಟು?”

“ರಾತ್ರಿಗೆ.”

ಹೊತ್ತು ಮುಳುಗುವ ಮೊದಲು ಊಟ ಮುಗಿಸಿ, ಕೈತೊಳೆದು, ಬಾಗಿಲು ಹಾಕುವ ಮನೆಗೆ ಎಂಟು ಲೈಟು! ಅನಂತಮತಿ ಸುತ್ತು ಬಂದು ಹಿಂಬಾಗಿಲು ತೆರೆದು ನೋಡಿದಳು. ಕ್ಯಾನು ಇಡುವ ತಗಡಿನ ನೆಲ ಕಾಣುತ್ತಿರಲಿಲ್ಲ. ಅದರ ಮೇಲೆ ಮೆತ್ತನೆಯ ಕಾರ್ಪೆಟ್ಟು, ಕಾರ್ಪೆಟ್ಟಿನ ಮೇಲೆ ಶವದ ಪೆಟ್ಟಿಗೆಯಷ್ಟು ದೊಡ್ಡ ಸಂಗೀತದ ಪೆಟ್ಟಿಗೆ. ಒಂಬತ್ತು ಕ್ಯಾನಿನ ಜಾಗದಲ್ಲಿ ಈಗ ನಾಲ್ಕು ಹಿಡಿದರೆ ಹೆಚ್ಚು. ಅದನ್ನೂ ಎದೆಯ ಎತ್ತರಕ್ಕೆ ಎತ್ತಿ ಇಡಬೇಕು, ಭುಜ ಹೋದವಳು.

“ಚೀಟಿಯಲ್ಲಿ ಏನು ಬರೆದಿದ್ದೆ?”

“ದೊಡ್ಡಮ್ಮ, ನೀವು ಹೇಳಿದ ಮೂರೂ ಮಾಡ್ಸಿದ್ದೇನೆ. ಉಳಿದದ್ದು ನನ್ನ ಲೆಕ್ಕದಲ್ಲಿ, ಪ್ರೀತಿಯಿಂದ. ಜಿತೇಶ್ ವಿಡಿಯೋ ಹಾಕಿದ್ದಾನೆ, ಎಷ್ಟು ಜನ ನೋಡಿದ್ದಾರೆ ಗೊತ್ತುಂಟಾ?”

ನೋಡಿದವರಲ್ಲಿ ಒಬ್ಬರಾದರೂ ಬಂದು ಕ್ಯಾನು ಎತ್ತುತ್ತಾರೆಯೇ ಎಂದು ಕೇಳಬೇಕೆನಿಸಿತು. ಪ್ಲಾಸ್ಟಿಕ್ ಸ್ಟೂಲು ತಂದಿಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ, ಏದುಸಿರು ಬಿಡುತ್ತ ಹತ್ತಿ ಕೂತಳು. ಕೀಲಿ ತಿರುಗಿಸಿದಳು. ಸ್ಟೇರಿಂಗ್ ಹಿಡಿದಳು. ಅದು ತಿರುಗಿತು. ಬೆಣ್ಣೆಯಲ್ಲಿ ಬೆರಳಾಡಿಸಿದ ಹಾಗೆ ತಿರುಗಿತು. ಗೇಟಿನ ತನಕ ಹೋಗಿ ಬ್ರೇಕು ತುಳಿದಳು. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ, ನಿಂತಲ್ಲೇ ನಿಂತಿತು. ಸೀಟು ಸೊಂಟವನ್ನು ಹಿಂದಿನಿಂದ ಅಪ್ಪಿ ಹಿಡಿದಿತ್ತು. ಹೇಸಿಗೆ ಹುಟ್ಟಿಸುವ ಆ ಕಪ್ಪು ಮೈಯೊಳಗೆ ತಾನು ಕೇಳಿದ ಮೂರೂ ಇದ್ದವು, ಚೆನ್ನಾಗಿಯೇ ಇದ್ದವು. ಅದನ್ನು ಅವಳು ಒಪ್ಪಿಕೊಳ್ಳಲೇಬೇಕಾಯಿತು.

ಮರುದಿನದಿಂದಲೇ ಹಾಲು ಶುರು. ನಾಲ್ಕು ಕ್ಯಾನಿನಂತೆ ಬೆಳಿಗ್ಗೆ ಎರಡು ಸಲ ಏರು ಹತ್ತಿ ಇಳಿದಳು. ಸೇಸಮ್ಮ ಜೀಪನ್ನು ಕಂಡು ಮೊದಲು ಒಳಗೆ ಓಡಿದಳು, ಆಮೇಲೆ ಬಂದು ನಕ್ಕಳು. ಅನಂತಮತಿಗೆ ನಗು ಬರಲಿಲ್ಲ. ಕನ್ನಡಿಗೆ ಶ್ರೇಯಾಂಸ್ ತೂಗುಹಾಕಿದ್ದ ಸೆಂಟಿನ ಬಾಟಲಿ ಅವಳ ತಲೆ ಕೆಡಿಸುತ್ತಿತ್ತು. ಮುಚ್ಚಿದ ಕ್ಯಾನಿನ ಹೊರಗಿಂದಲೇ ಹಾಲು ಹುಳಿಯಾಗಿದೆಯೋ ಇಲ್ಲವೋ ಹೇಳುವ ಮೂಗು ಅದು. ಎರಡು ದಿನ ತಡೆದಳು. ಮೂರನೆಯ ದಿನ ಬಾಟಲಿಯನ್ನು ಕಿತ್ತು ಗೇರುಮರದ ಬುಡಕ್ಕೆ ಎಸೆದಳು.

ಅದೇ ದಿನ ಎರಡನೆಯ ಸಲದ ಹಾಲನ್ನು ಸೊಸೈಟಿಗೆ ಮುಟ್ಟಿಸಿ, ಖಾಲಿ ಕ್ಯಾನುಗಳೊಂದಿಗೆ ಮನೆಗೆ ಬರುವಾಗ ಬಿಸಿಲು ನೇರ ಸೀಟಿನ ಮೇಲೆ ಬಿದ್ದಿತ್ತು. ಸೆಂಟಿನ ವಾಸನೆ ಗಾಳಿಗೆ ಹೋಗಿತ್ತು. ಅದರಡಿಯಿಂದ ಇನ್ನೊಂದು ವಾಸನೆ ಎದ್ದಿತು. ಬಣ್ಣದ್ದಲ್ಲ, ರಬ್ಬರಿನದ್ದಲ್ಲ, ಡೀಸೆಲಿನದ್ದಲ್ಲ. ಮೆಲ್ಲನೆ ಬಿಸಿಯಾಗುತ್ತ, ಒದ್ದೆ ಮೈಯಂತೆ, ಯಾವುದೋ ಜೀವದ ವಾಸನೆ. ಅವಳು ಜೀಪು ನಿಲ್ಲಿಸಿದಳು. ಅಂಗೈಯನ್ನು ಮೂಗಿಗೆ ಹಿಡಿದಳು. ಅಂಗೈಯಲ್ಲೂ ಅದೇ.

ಅಲ್ಲಿಂದಲೇ ಫೋನು ಮಾಡಿದಳು. “ಶ್ರೇಯಾಂಸ್, ಈ ಸೀಟು ಎಂಥದ್ದು?”

“ಒರಿಜಿನಲ್ ದೊಡ್ಡಮ್ಮ! ರೆಕ್ಸಿನ್ ಅಲ್ಲ, ಲೆದರ್. ಸ್ಟೇರಿಂಗಿಗೂ, ಗೇರಿನ ಹಿಡಿಗೂ ಅದೇ. ಜಿತೇಶ್ ಎಲ್ಲರಿಗೆ ಹಾಕುವುದಿಲ್ಲ ಅದನ್ನು.”

“ನಾವು ಬಸದಿಯ ಮನೆಯವರು.”

“ಸೀಟಲ್ವಾ ದೊಡ್ಡಮ್ಮ, ತಿನ್ನುವುದಲ್ವಲ್ಲ” ಎಂದ.

ಅವಳು ಫೋನನ್ನು ಜೀಪಿನ ಒಳಗೆ ಎಸೆದು ರಸ್ತೆಯ ಬದಿಗೆ ಹೋಗಿ ವಾಂತಿ ಮಾಡಿದಳು. ಚಪ್ಪಲಿಯಲ್ಲೂ ರಬ್ಬರು ಬಿಟ್ಟು ಬೇರೆ ಮೆಟ್ಟಿದವಳಲ್ಲ. ಕುಡಿಯುವ ನೀರಿನಲ್ಲಿ ಹುಳ ಸಾಯಬಾರದೆಂದು ಬಟ್ಟೆಯಲ್ಲಿ ಸೋಸುವವಳು. ಸತ್ತ ಹಸುವಿನ ತೊಗಲಿನ ಮೇಲೆ ಮೂರು ದಿನ ಕೂತು, ಅದನ್ನು ಕೈಯಲ್ಲಿ ಹಿಡಿದು, ಆ ಕೈಯಿಂದಲೇ ಬಸದಿಯ ಬಾಗಿಲು ತೆರೆದಿದ್ದಳು. ಮನೆಗೆ ಬಂದು ಬೂದಿ ಹಾಕಿ ಉಜ್ಜಿದಳು, ಸೋಪು ಹಾಕಿ ಉಜ್ಜಿದಳು, ಹುಣಸೆಹುಳಿ ಹಾಕಿ ಉಜ್ಜಿದಳು. ಕೈ ಕೆಂಪಾಯಿತೇ ಹೊರತು ವಾಸನೆ ಹೋದಂತೆ ಅನ್ನಿಸಲಿಲ್ಲ. ಆ ದಿನ ಬಸದಿಯ ಬೀಗದ ಕೈಯನ್ನು ಪಕ್ಕದ ಮನೆಯ ಹುಡುಗಿಗೆ ಕೊಟ್ಟಳು.

ಆದರೆ ಸಂಜೆಯ ಹಾಲು ಕಾಯುವುದಿಲ್ಲ. ಸೀಟಿನ ಮೇಲೆ ಎರಡು ಗೋಣಿ ಹಾಸಿ, ಸ್ಟೇರಿಂಗಿಗೆ ಹಳೆಯ ಸೀರೆಯ ತುಂಡು ಸುತ್ತಿ, ಹಲ್ಲು ಕಚ್ಚಿಕೊಂಡು ಏರು ಹತ್ತಿದಳು.

ಮರುದಿನ ಬೆಳಗಿನ ಹಾಲು ಮುಗಿಸಿದವಳೇ ನೇರ ಫರಂಗಿಪೇಟೆಗೆ ಹೊರಟಳು. ಅಲ್ಲಿ ಯಾಕೂಬ್ ಇದ್ದಾನೆ. ಮೊದಲು ಬೆಳ್ತಂಗಡಿಯಲ್ಲಿ ಊರೂರಿಗೆ ಜನ ಸಾಗಿಸುವ ಸರ್ವೀಸ್ ಜೀಪುಗಳ ಗ್ಯಾರೇಜು ಇಟ್ಟಿದ್ದವನು, ವೀರರಾಜರ ಕಾಲದಿಂದಲೂ ಈ ಜೀಪಿನ ನಾಡಿ ಬಲ್ಲವನು. ಈಗ ಮಗಳ ಮನೆಯ ಪಕ್ಕ ಹೈವೇ ಬದಿಯಲ್ಲಿ ಸಣ್ಣ ಶೆಡ್ಡು ಹಾಕಿಕೊಂಡು ಬೇಕೆನಿಸಿದ ಕೆಲಸ ಮಾತ್ರ ಮಾಡುತ್ತಾನೆ. ದಾರಿಯುದ್ದಕ್ಕೂ ಬೈಕಿನ ಹುಡುಗರು ಪಕ್ಕದಲ್ಲೇ ಬಂದು ಜೀಪಿನ ಫೋಟೋ ಹಿಡಿದರು. ಬಂಟ್ವಾಳದ ಸಿಗ್ನಲಿನಲ್ಲಿ ಒಬ್ಬ ಹೆಬ್ಬೆರಳು ಎತ್ತಿ ತೋರಿಸಿದ. ಅನಂತಮತಿ ಮುಖ ತಿರುಗಿಸಿದಳು.

ಯಾಕೂಬ್ ಶೆಡ್ಡಿನಿಂದ ಹೊರಬಂದು ಜೀಪಿನ ಸುತ್ತ ಒಂದು ಸುತ್ತು ಬಂದ. ಬಗ್ಗಿ ಅಡಿಯನ್ನು ನೋಡಿದ. ನೆಲಕ್ಕೆ ಉಗುಳಿದ.

“ಥೂ! ಯಾರಕ್ಕಾ ಇದಕ್ಕೆ ವೇಷ ಕಟ್ಟಿದ್ದು?”

“ನಮ್ಮ ಹುಡುಗನೇ.”

“ಸ್ಟೇರಿಂಗ್ ಬಾಕ್ಸ್ ಚೆನ್ನಾಗಿ ಕೂರಿಸಿದ್ದಾನೆ. ಬ್ರೇಕಿನ ಕೆಲಸವೂ ನೀಟು ಉಂಟು. ಅವನಿಗೆ ಕೆಲಸ ಗೊತ್ತುಂಟು. ಗೊತ್ತಿದ್ದೂ ಹೀಗೆ ಮಾಡಿದ್ದಾನಲ್ಲ, ಅದು ಬೇಜಾರು.”

“ಆ ಎರಡು ಇರ್ಲಿ ಯಾಕೂಬ್ರೆ. ಬಾಕಿ ಎಲ್ಲ ತೆಗೀರಿ. ಮೊದಲು ಈ ಸೀಟು. ನನಗೆ ಕಣ್ಣಲ್ಲಿ ನೋಡ್ಲಿಕ್ಕಾಗುವುದಿಲ್ಲ.”

ಯಾಕೂಬ್ ಸೀಟನ್ನು ಬೆರಳಿನಿಂದ ಒತ್ತಿ ನೋಡಿ, ಅವಳ ಮುಖ ನೋಡಿ, ಸ್ಪ್ಯಾನರು ತೆಗೆದುಕೊಂಡ. ಅವನ ಮಗಳು ಮುರ್ಶಿದಾ ಒಂದು ಕುರ್ಚಿ ತಂದಿಟ್ಟಳು, ಅನಂತಮತಿಯ ಎದುರಿಗೇ ಒಂದು ಹೊಸ ಲೋಟವನ್ನು ಎರಡು ಸಲ ತೊಳೆದು ನೀರು ಕೊಟ್ಟಳು. ಹಳೆಯ ಗಿರಾಕಿಯ ಸ್ವಭಾವ ಆ ಮನೆಗೆ ತಿಳಿದದ್ದೇ.

ಕೆಲಸ ಎರಡು ದಿನದ್ದು. ಅನಂತಮತಿ ಅಷ್ಟು ದಿನದ ಹಾಲಿಗೆ ಮತ್ತೆ ರಿಕ್ಷಾ ಹೇಳಿ, ಹಗಲೆಲ್ಲ ಅಲ್ಲೇ ಕೂತು ನೋಡಿದಳು. ಒಂದೊಂದು ಕಳಚಿದಂತೆಯೂ ಅವಳ ಉಸಿರು ಹಗುರಾಯಿತು. ಲೈಟುಗಳ ಸಾಲು ಹೋಯಿತು. ಕೊಳವೆ ಹೋಯಿತು. ದೊಡ್ಡ ಚಕ್ರ ಹೋಗಿ ಶೆಡ್ಡಿನಲ್ಲಿದ್ದ ಯಾವುದೋ ಜೀಪಿನ ಸಾಧಾರಣ ಚಕ್ರ ಬಂತು, ಜೀಪು ಮತ್ತೆ ಹೆಂಗಸರು ಹತ್ತುವ ಎತ್ತರಕ್ಕೆ ಇಳಿಯಿತು. ಹಳೆಯ ತೆಳ್ಳಗಿನ ಸ್ಟೇರಿಂಗ್ ಚಕ್ರ ಯಾಕೂಬನ ಶೆಡ್ಡಿನಲ್ಲೇ ಒಂದಿತ್ತು, ಗೇರಿನ ಹಿಡಿಯೂ ಅಲ್ಲೇ ಸಿಕ್ಕಿತು. ತೆಂಗಿನ ನಾರು ತುಂಬಿ, ಮೇಲೆ ದಪ್ಪ ಹತ್ತಿಯ ಕ್ಯಾನ್ವಾಸು ಹೊಲಿಸಿ ಸೀಟು ಮಾಡಿಸಿದ.

“ಈ ತೊಗಲಿನ ಸೀಟು ಏನು ಮಾಡುವ ಅಕ್ಕ?”

“ಎಲ್ಲಿಯಾದರೂ ಬಿಸಾಡಿ. ನನ್ನ ಕಣ್ಣಿಗೆ ಬೀಳದಿದ್ದರೆ ಸಾಕು.”

ಕೊನೆಗೆ ಸಂಗೀತದ ಪೆಟ್ಟಿಗೆ ಇಳಿಸಿ, ಹಿಂದಿನ ಕಾರ್ಪೆಟ್ಟನ್ನು ಸುರುಳಿ ಸುತ್ತಿದ. ಅಡಿಯಲ್ಲಿ ಹಳೆಯ ತಗಡಿನ ನೆಲ ಹಾಗೆಯೇ ಇತ್ತು, ಕ್ಯಾನುಗಳ ದುಂಡನೆಯ ಗುರುತುಗಳ ಸಮೇತ. ಅನಂತಮತಿಗೆ ತವರು ಕಂಡಷ್ಟು ಖುಷಿಯಾಯಿತು. ಯಾಕೂಬ್ ಗ್ರೈಂಡರು ಹಿಡಿದು ಮೂಲೆಗೆ ಬಗ್ಗಿದವನು ತಲೆಯೆತ್ತಿದ.

“ಅಕ್ಕ, ಈ ರಿಂಗು ಇರಲಿಯಾ, ಕತ್ತರಿಸುವುದಾ?”

ಅವಳು ಎದ್ದು ಬಂದು ನೋಡಿದಳು. ನೆಲದ ಮೂಲೆಯಲ್ಲಿ ಒಂದು ಕಬ್ಬಿಣದ ಬಳೆ.

“ಯಾವುದಿದು?”

“ನಾನೇ ವೆಲ್ಡ್ ಮಾಡಿದ್ದಲ್ವಾ? ನೀವೇ ಹೇಳಿ ಮಾಡ್ಸಿದ್ದು. ಇಳಿಯುವಾಗ ಕರು ಜಾರ್ತದೆ, ಕಟ್ಲಿಕ್ಕೆ ಏನಾದ್ರೂ ಬೇಕು ಅಂತ.” ಯಾಕೂಬ್ ಹೆಬ್ಬೆರಳಿನಿಂದ ಬಳೆಯ ಒಳಬದಿಯನ್ನು ಸವರಿದ. “ಹಾಕುವಾಗ ನನ್ನ ಬೆರಳಿನಷ್ಟು ದಪ್ಪ ಇತ್ತು. ಈಗ ನೋಡಿ, ಹಗ್ಗ ಉಜ್ಜಿ ಉಜ್ಜಿ ಅರ್ಧ ಆಗಿದೆ.”

ಅನಂತಮತಿ ನೋಡಿದಳು. ಬಳೆಯ ಹೊರಬದಿಯೆಲ್ಲ ತುಕ್ಕು. ಹಗ್ಗ ಉಜ್ಜಿದ ಕಡೆ ಮಾತ್ರ ಬೆಳ್ಳಿಯಂತೆ ಹೊಳೆಯುತ್ತಿತ್ತು.

ಆ ಹೊಳಪನ್ನು ಮುಟ್ಟಿ ಕೇಳಿದಳು, “ಎಷ್ಟು ಕರು ಆಗಿರ್ಬಹುದು ಯಾಕೂಬ್ರೆ?”

“ನನಗೆ ಹೇಗೆ ಗೊತ್ತಾಗ್ತದೆ ಅಕ್ಕ? ಕಟ್ಟಿದವರು ನೀವು.”

ಅವನು ಕೊಂಕು ಮಾತಾಡಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟು ಗ್ರೈಂಡರಿನ ವಯರು ಸರಿಮಾಡುತ್ತಿದ್ದ. ಆದರೆ ಅನಂತಮತಿ ಲೆಕ್ಕ ಹಾಕತೊಡಗಿದಳು. ತಿಂಗಳಿಗೆ ಎರಡು, ಮೂರು. ಇಪ್ಪತ್ತೆರಡು ವರ್ಷ. ಹುಟ್ಟಿ ಹತ್ತು ದಿನವೂ ಆಗದ ಕರುಗಳು. ಹಸು ಹೆಣ್ಣು ಹಾಕಿದರೆ ಮನೆಯಲ್ಲಿ ಉಳಿಯುತ್ತದೆ, ಗಂಡು ಹಾಕಿದರೆ ಸಾಕುವವರಿಗೆ ಹೋಗುತ್ತದೆ. ಹಾಗೆಂದೇ ಪದವಿನವರು ಹೇಳುವುದು, ಅವಳೂ ಹಾಗೆಂದೇ ಹೇಳುವುದು. ಮುಖ್ಯರಸ್ತೆಯ ತಿರುವಿನಲ್ಲಿ ಒಬ್ಬ ಪಿಕಪ್ ನಿಲ್ಲಿಸಿಕೊಂಡಿರುತ್ತಿದ್ದ. ಅವನು ಹಿಂದಿನಿಂದ ಕರು ಬಿಚ್ಚಿಕೊಳ್ಳುವಾಗ ಅವಳು ಮುಂದೆ ನೋಡುತ್ತ ಕೂತಿರುತ್ತಿದ್ದಳು. ಕರು ಕೂಗಿದರೆ ಇಂಜಿನಿನ ಸದ್ದು ಹೆಚ್ಚು ಮಾಡುತ್ತಿದ್ದಳು. ಆಮೇಲೆ ಮನೆಗೆ ಬಂದು ಸೆಗಣಿ ತೊಳೆಯುತ್ತಿದ್ದಳು, ಎರಡೆರಡು ಸಲ. ಅವಳ ಮನೆಯ ಹಟ್ಟಿಯಲ್ಲೂ ಎರಡು ಹಸುಗಳಿವೆ. ಆ ಹಸುಗಳ ಗಂಡು ಕರುಗಳೂ ಇದೇ ಬಳೆಗೆ ಕಟ್ಟಿಸಿಕೊಂಡು ಹೋದವೇ. ಇಷ್ಟೊಂದು ಗಂಡು ಕರುಗಳನ್ನು ಯಾವ ಊರಿನಲ್ಲಿ, ಯಾರು, ಯಾತಕ್ಕೆ ಸಾಕುತ್ತಾರೆ? ಇದು ಮೂರನೆಯ ಕ್ಲಾಸಿನ ಮಗುವಿಗೂ ಹೊಳೆಯುವ ಪ್ರಶ್ನೆ. ತನಗೆ ಹೊಳೆಯಲಿಲ್ಲವೆಂದರೆ ಸುಳ್ಳು. ಹೊಳೆದಾಗಲೆಲ್ಲ ಮೂಗು ಮುಚ್ಚಿಕೊಂಡಿದ್ದಳು.

ಮೂಲೆಯಲ್ಲಿ ಬೋರಲು ಬಿದ್ದಿದ್ದ ಆ ಸೀಟುಗಳನ್ನು ನೋಡಿದಳು. ಮೂರು ದಿನ ಅದರ ಮೇಲೆ ಕೂತದ್ದಕ್ಕೆ ವಾಂತಿ ಮಾಡಿದವಳು. ಈಗ ತನ್ನ ಮೇಲೆಯೇ, ತೊಳೆದು ತೊಳೆದು ಕೆಂಪಾದ ತನ್ನ ಕೈಗಳ ಮೇಲೆಯೇ ಹೇಸಿಗೆಯಾಯಿತು.

“ಕತ್ತರಿಸಿ ಬಿಡ್ಲಾ?” ಯಾಕೂಬ್ ಮತ್ತೆ ಕೇಳಿದ.

“ಬೇಡ. ಅಲ್ಲೇ ಇರ್ಲಿ.” ಮೂಲೆಗೆ ಕೈ ತೋರಿಸಿ ಅಂದಳು, “ಆ ಸೀಟುಗಳನ್ನೂ ಹಿಂದೆ ಹಾಕಿ. ಮನೆಗೆ ಕೊಂಡುಹೋಗ್ತೇನೆ.”

ಎರಡು ದಿನ ಕಳೆದು, ಬೂದುಬಣ್ಣವೊಂದು ಬಿಟ್ಟರೆ ಹಿಂದಿನಂತೆಯೇ ಆದ ಜೀಪು ಕುಂಟಾಲಪದವು ಹತ್ತಿತು. ಹದಿನಾಲ್ಕು ಮನೆಯವರೂ ಹಾಲು ತಂದಿದ್ದರು, ನಿಲ್ಲಿಸಿದ್ದ ಮೂವರೂ ಸೇರಿ. ಒಂಬತ್ತು ಕ್ಯಾನುಗಳು ತಮ್ಮ ತಮ್ಮ ಗುರುತಿನ ಮೇಲೆ ಕೂತವು. ಸೇಸಮ್ಮ ಮಾತ್ರ ಕ್ಯಾನಿನ ಜೊತೆ ಒಂದು ಹಗ್ಗವನ್ನೂ ಹಿಡಿದು ಬಂದಳು. ಹಗ್ಗದ ತುದಿಯಲ್ಲಿ ಕಂದುಬಣ್ಣದ, ಕಾಲುಗಳಿನ್ನೂ ಗಟ್ಟಿಯಾಗದ ಒಂದು ಗಂಡು ಕರು.

“ಸಾಕುವವರಿಗೆ ಕೊಡ್ಲಿಕ್ಕುಂಟು ಅಕ್ಕ. ಜೀಪಿನಲ್ಲಿ ಜಾಗ ಇಲ್ಲದೆ ಒಂದು ವಾರ ಇಟ್ಟುಕೊಂಡದ್ದು. ಫೋನ್ ಮಾಡಿದ್ದೇನೆ, ತಿರುವಿನಲ್ಲಿ ನಿಲ್ತಾನಂತೆ.”

ಅನಂತಮತಿ ಹಗ್ಗ ತೆಗೆದುಕೊಂಡು ತಾನೇ ಬಳೆಗೆ ಕಟ್ಟಿದಳು. ಕರು ಅವಳ ಸೀರೆಯ ಸೆರಗನ್ನು ಬಾಯಿಗೆ ಹಾಕಿ ಜೊಲ್ಲು ಮಾಡಿತು. ಅವಳು ಸೆರಗು ಎಳೆದುಕೊಳ್ಳಲಿಲ್ಲ.

ತಿರುವಿನಲ್ಲಿ ಪಿಕಪ್ ಇತ್ತು. ಒಳಗೆ ಕನ್ನಡಿಗೆ ಮಲ್ಲಿಗೆ ಮಾಲೆ ಹಾಕಿತ್ತು. ಅವನು ಎಂದಿನಂತೆ ಜೀಪಿನ ಹಿಂಬದಿಗೆ ಹೋಗುತ್ತಿದ್ದಾಗ ಅನಂತಮತಿ ಕೆಳಗಿಳಿದಳು. ಇಪ್ಪತ್ತೆರಡು ವರ್ಷದಲ್ಲಿ ಅವಳು ಅಲ್ಲಿ ಇಳಿದದ್ದು ಅದೇ ಮೊದಲು.

“ಯಾರಿದನ್ನು ಸಾಕುವುದು?”

ಅವನಿಗೆ ತಮಾಷೆಯೆನಿಸಿತು. “ಸಾಕುವವರಕ್ಕ.”

“ಹೆಸರು ಹೇಳು. ಊರು ಹೇಳು. ನಾನೇ ಕೊಂಡುಹೋಗಿ ಬಿಡ್ತೇನೆ.”

ಅವನ ನಗು ನಿಂತಿತು. ಅವಳನ್ನು ಕೆಳಗಿಂದ ಮೇಲೆ ನೋಡಿದ. ಸಿಟ್ಟಿನಿಂದಲ್ಲ, ನಿಜಕ್ಕೂ ಅರ್ಥವಾಗದೆ ಕೇಳಿದ, “ಇಷ್ಟು ವರ್ಷ ಕೇಳದ್ದನ್ನು ಇವತ್ತು ಯಾಕೆ ಕೇಳ್ತೀರಿ?”

ಅವಳು ಕರುವಿನ ಹಗ್ಗ ಬಿಚ್ಚಲು ಬಿಡದೆ ಹಿಂಬಾಗಿಲು ಹಾಕಿದಳು. ಹತ್ತಿ ಕೂತಳು. ಏಳೂ ಹತ್ತಕ್ಕೆ ಹಾಲನ್ನು ಸೊಸೈಟಿಗೆ ಮುಟ್ಟಿಸಿದಳು. ತಿರುಗಿ ಬರುವಾಗ ಪಿಕಪ್ ಹೋಗಿತ್ತು. ಕರು ಹಿಂದೆ ನಿಂತು ದಾರಿಯುದ್ದಕ್ಕೂ ಕೂಗಿತು. ಅವಳು ಇಂಜಿನಿನ ಸದ್ದು ಹೆಚ್ಚು ಮಾಡಲಿಲ್ಲ.

ಮನೆಯ ಹಿಂದೆ, ಸತ್ತ ಹಸುಗಳನ್ನು ಹೂಳುವ ಜಾಗದಲ್ಲಿ ಆಳಿನಿಂದ ಗುಂಡಿ ತೋಡಿಸಿ ಆ ಸೀಟುಗಳನ್ನು ಹೂಳಿಸಿದಳು. ಕರುವನ್ನು ಹಟ್ಟಿಯಲ್ಲಿ ಕಟ್ಟಿದಳು. ಸುದ್ದಿ ಸಂಜೆಯೊಳಗೆ ಪದವು ಮುಟ್ಟಿತು. ಸೇಸಮ್ಮ ಫೋನು ಮಾಡಿ, “ಅಕ್ಕ, ನೀವು ಹೀಗೆ ಮಾಡಿದರೆ ನಾವು ಹಾಲು ಕೊಡುವುದು ಹೇಗೆ? ಗಂಡು ಕರುವಿಗೆ ಹಾಲು ಬಿಟ್ಟರೆ ಸೊಸೈಟಿಗೆ ಏನುಂಟು?” ಎಂದಳು. ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ಶ್ರೇಯಾಂಸ್ ಬಂದ. ಸೀಟಿನ ವಿಷಯಕ್ಕೆ ತಪ್ಪಾಯಿತೆಂದ, ಹಟ್ಟಿ ನೋಡಿದ, ತಲೆ ಕೆರೆದುಕೊಂಡ.

“ದೊಡ್ಡಮ್ಮ, ಒಂದು ಸಾಕ್ಬಹುದು. ಎರಡು ಸಾಕ್ಬಹುದು. ಆಮೇಲೆ?”

ಕರು ಹಟ್ಟಿಯನ್ನೆಲ್ಲ ಹೇಸಿಗೆ ಮಾಡಿಟ್ಟಿತ್ತು. ಅವಳು ಬಗ್ಗಿ ಸೆಗಣಿಯನ್ನು ಕೈಯಲ್ಲೇ ಬಾಚಿ ತೆಗೆದಳು. ಭುಜ ಸ್ವಲ್ಪ ನೋಯಿತು.

ಗುರುವಾರ ಬೆಳಿಗ್ಗೆ, ಅವಳು ಜೀಪು ಹೊರಡಿಸುತ್ತಿದ್ದ ಹೊತ್ತಿಗೆ, ಪದವಿನ ಕೊನೆಯ ಮನೆಯ ಚನಿಯಪ್ಪನ ಫೋನು ಬಂತು.

“ಅನಂತಕ್ಕ, ನಮ್ಮ ಹಸು ನಿನ್ನೆ ಕರು ಹಾಕಿತು. ಗಂಡು. ಮುಂದಿನ ವಾರಕ್ಕೆ ಜೀಪಿನಲ್ಲಿ ಜಾಗ ಉಂಟಲ್ವಾ?”

ಅನಂತಮತಿ ಹಿಂತಿರುಗಿ ಬಳೆಯನ್ನು ನೋಡಿದಳು, ಹಟ್ಟಿಯನ್ನು ನೋಡಿದಳು.

“ಉಂಟು, ಹಟ್ಟಿಯಲ್ಲೂ ಉಂಟು” ಎಂದಳು. ಬಳಿಕ ಫೋರ್ ವೀಲ್ ಗೇರು ಹಾಕಿ, ಸ್ಟೇರಿಂಗನ್ನು ಒಂದೇ ಕೈಯಲ್ಲಿ ತಿರುಗಿಸಿ ಏರು ಹತ್ತಿದಳು.